ದುಪಟ್ಟಾ ವಾಪಸ್ ಬಂದ ಮರುದಿನ

ಪುಟ್ಟಿ,

ನಿನ್ನೆ ರಾತ್ರಿ ನೀನು, ಹೂವು ಬರೆದು ಮಾರಲು ಕಳಿಸಿದ ದುಪಟ್ಟಾಗಳೆಲ್ಲ ವಾಪಸ್ ಬಂದವು ಅಂದೆ. ನಾನು ‘ಹೌದಾ’ ಅಂದು ಫೋನನ್ನು ಅಮ್ಮನ ಕೈಗೆ ಕೊಟ್ಟೆ. ಬೇಜಾರಾಯಿತು ಅಲ್ವಾ? ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ಕ್ಷಮಿಸು. ನೀನು ಬ್ಯಾಂಕ್ ಕೆಲಸ ಬಿಟ್ಟಾಗ ಆದ ಮಾತುಕತೆಯೆಲ್ಲ ಈಗ ಬೇಡ. ಇಬ್ಬರಿಗೂ ನೆನಪಿದೆ.

ಫೋಟೋ ನೋಡಿದೆ. ಹೂವಿನ ಅಂಚಿನಲ್ಲಿ ಬಣ್ಣ ಹೂವು ಕೊಯ್ದ ಸ್ಟೆನ್ಸಿಲ್ ಹಾಳೆಯ ಅಡಿಗೆ ಹರಿದಿದೆ. ಡಿಸೈನ್ ಚೆನ್ನಾಗಿದೆ, ಬಣ್ಣ ನೀರಾಗಿದೆ ಅಷ್ಟೇ. ಬ್ರಷ್ಷಿನಲ್ಲಿ ಬಣ್ಣ ಇದೆಯೋ ಇಲ್ಲವೋ ಅನ್ನುವಷ್ಟು ಒಣಗಿರಬೇಕು. ಅದ್ದಿ, ಹಳೇ ಪೇಪರಿನ ಮೇಲೆ ಕುಟ್ಟಿ, ಆಮೇಲೆ ಬಟ್ಟೆಗೆ. ಅಲ್ಲೂ ಎಳೆಯಬಾರದು, ನೆಟ್ಟಗೆ ಕುಟ್ಟಬೇಕು. ಎಳೆದರೆ ಬ್ರಷ್ಷಿನ ಕೂದಲು ಹಾಳೆಯಡಿ ನುಗ್ಗುತ್ತದೆ, ಅದರ ಜೊತೆ ಬಣ್ಣವೂ. ಹೊಸ ಬಟ್ಟೆಯ ಗಂಜಿ ತೊಳೆದಿದ್ದೆಯಾ? ಗಂಜಿ ಇದ್ದರೆ ಬಣ್ಣ ನೂಲಿಗೆ ಹಿಡಿಯುವುದಿಲ್ಲ. ದಪ್ಪಗೆ ಒಂದು ಕೋಟ್ ಹಾಕುವ ಬದಲು ತೆಳ್ಳಗೆ ಎರಡು ಹಾಕು. ಕಾಗದಕ್ಕಾದರೆ ಇನ್ನೂ ಒಣ ಇರಲಿ, ಇಲ್ಲದಿದ್ದರೆ ಸುರುಟಿಕೊಳ್ಳುತ್ತದೆ. ನೋಡು, ಸಮಾಧಾನ ಹೇಳಲು ಕೂತವನು ಪಾಠ ಶುರು ಮಾಡಿದೆ.

ಫೋಟೋದ ಮೂಲೆಯಲ್ಲಿ ನಿನ್ನ ಕಟರ್ ಕಂಡಿತು. ಬ್ಲೇಡನ್ನು ಅಷ್ಟುದ್ದ ಯಾಕೆ ಹೊರಗೆ ತಳ್ಳಿದ್ದೀಯ? ನೀನು ಎರಡನೇ ಕ್ಲಾಸಿನಲ್ಲಿದ್ದಾಗ ನಾನು ಲಾರಿ ಹಿಂದೆ ಹಾಕಲು ಹಳೇ ಎಕ್ಸ್‌ರೇ ಹಾಳೆಯಲ್ಲಿ ‘ಅಂತರವಿರಲಿ’ ಕೊಯ್ಯುತ್ತಿದ್ದೆ. ಸೊನ್ನೆ ನಾನೇ ಕೊಯ್ಯುತ್ತೇನೆ ಅಂತ ನಿನ್ನ ಹಠ. ನೀನು ಸುತ್ತಲೂ ಕೊಯ್ದೆ. ನಡುವಿನ ಬಿಲ್ಲೆ ಟಪ್ ಅಂತ ಉದುರಿ ಬರೀ ತೂತು ಉಳಿಯಿತು. ಎರಡು ಕಡೆ ಸಣ್ಣ ಪಟ್ಟಿ ಕೊಯ್ಯದೆ ಬಿಡಬೇಕು, ಅದೇ ಬಿಲ್ಲೆಯನ್ನು ಹಿಡಿದುಕೊಳ್ಳುತ್ತದೆ ಅಂತ ನಾನಂದೆ. ತಕ್ಷಣ ನೀನು ಇನ್ನೊಂದು ಹಾಳೆ ಎಳೆದುಕೊಂಡೆ. ನಿನ್ನ ಎಡಗೈ ಬ್ಲೇಡಿನ ದಾರಿಯಲ್ಲೇ ಇತ್ತು. ಎಕ್ಸ್‌ರೇ ಹಾಳೆ ಕಪ್ಪು, ರಕ್ತ ನನಗೆ ಕಾಣಲೇ ಇಲ್ಲ. ಹಾಳೆ ಎತ್ತಿದಾಗ ಅಡಿಯಲ್ಲಿದ್ದ ಪೇಪರ್ ಕೆಂಪಾಗಿತ್ತು. ಅಮ್ಮ ಓಡಿ ಬಂದು ಅರಿಸಿನ ಒತ್ತಿದಳು. ನೀನು ಸೊನ್ನೆ ಸರಿ ಬಂತಾ ಅಂತ ಕೇಳಿದೆ. ಬಂದಿತ್ತು. ಆ ಹಾಳೆಯಿಂದ ಎಷ್ಟೋ ಲಾರಿಗಳಿಗೆ ಬರೆದೆ. ಈಗಲೂ ಹೈವೇಯಲ್ಲಿ ‘ಅಂತರವಿರಲಿ’ ಕಂಡರೆ ನನಗೆ ನಿನ್ನ ಹೆಬ್ಬೆರಳೇ ನೆನಪಾಗುತ್ತದೆ.

ಬ್ಲೇಡಿನ ಒಂದೇ ತುಂಡು ಹೊರಗಿರಲಿ. ತಿರುವು ಬಂದಾಗ ಕೈ ತಿರುಗಿಸಬೇಡ, ಹಾಳೆ ತಿರುಗಿಸು. ಮೊಂಡ ಬ್ಲೇಡೇ ಜಾಸ್ತಿ ಅಪಾಯ, ಒತ್ತಿದಷ್ಟೂ ಜಾರುತ್ತದೆ. ನಿದ್ದೆಗಣ್ಣಿನಲ್ಲಿ ಕೊಯ್ಯಬೇಡ. ಎಡಗೈ ಎಲ್ಲಿದೆ ಅಂತ ನೋಡಿಕೋ. ಸಾವಿರ ಸಲ ಹೇಳಿದ್ದೇನೆ, ಗೊತ್ತು.

ಜಪಾನಿನ ಸುಜುಕಾದಲ್ಲಿ ಕಿಮೋನೊ ಬಟ್ಟೆಗೆ ಪರ್ಸಿಮನ್ ಹಣ್ಣಿನ ರಸ ಹಚ್ಚಿದ ಕಾಗದದ ಸ್ಟೆನ್ಸಿಲ್ ಕೊಯ್ಯುತ್ತಾರೆ, ಬಿಡಿ ತುಂಡುಗಳು ಅಲುಗದ ಹಾಗೆ ರೇಷ್ಮೆ ನೂಲು ಕೂರಿಸುತ್ತಿದ್ದರು ಅಂತ ನೀನೇ ಹೇಳಿದ್ದೆಯಲ್ಲ. ಬೋರ್ಡ್ ಬರೆಸಲು ಬಂದವರಿಗೆಲ್ಲ ಅದನ್ನು ಹೇಳುತ್ತೇನೆ, ನನ್ನ ಮಗಳು ಹೇಳಿದ್ದು ಅಂತ.

ದುಪಟ್ಟಾ ಎಸೆಯಬೇಡ, ಕಟ್ಟಿ ಬಸ್ಸಿಗೆ ಹಾಕು. ತೆಳು ಬ್ರಷ್ಷಿನಲ್ಲಿ ಹೂವಿನ ಸುತ್ತ ಕಡು ಬಣ್ಣದ ಗೆರೆ ಎಳೆದರೆ ಹರಿದ ಬಣ್ಣ ಮುಚ್ಚಿಹೋಗುತ್ತದೆ. ಎಲ್ಲದಕ್ಕೂ ಆಗಲಿಕ್ಕಿಲ್ಲ, ಅರ್ಧವಾದರೂ ಉಳಿಯುತ್ತವೆ. ನನ್ನ ಕೈ ಇನ್ನೂ ನಡುಗುವುದಿಲ್ಲ, ಕನ್ನಡಕ ಮಾತ್ರ ಬೇಕು. ಹಸಿರು ದುಪಟ್ಟಾ ಅಮ್ಮನಿಗೆ ಬೇಕಂತೆ. ದುಡ್ಡು ಕೊಡುತ್ತಾಳೆ, ಬೇಡ ಅನ್ನಬೇಡ.

ಅಪ್ಪ