ಎಣಿಸಿಕೋ ಎಂದದ್ದಕ್ಕೆ

ಮಗಳೇ,

ಪಂಚಗಂಗಾ ರೈಲು ಹೊರಟ ಮೇಲೂ ಕುಂದಾಪುರ ಸ್ಟೇಷನ್ನಿನ ಬೆಂಚಿನಲ್ಲಿ ಸುಮಾರು ಹೊತ್ತು ಕೂತಿದ್ದೆ. ಕವರು ಕೊಟ್ಟು "ನನ್ನೆದುರೇ ಒಂದ್ಸಲ ಎಣಿಸ್ಕೊ" ಎಂದದ್ದು ಅಭ್ಯಾಸಬಲ. 22 ವರ್ಷ ಅಂಗಡಿ ಅಂಗಡಿ ತಿರುಗಿ ಪಿಗ್ಮಿ ದುಡ್ಡು, ಅಂದರೆ ದಿನದಿನದ ಸಣ್ಣ ಉಳಿತಾಯ, ಕೂಡಿಸುತ್ತ ಅದನ್ನೇ ಹೇಳಿದ ಬಾಯಿ ಇದು. "ಬೇಡ ಅಪ್ಪ, ಕಮ್ಮಿ ಬಿದ್ರೆ ನೀವು ಯಾರನ್ನ ಕೇಳ್ತೀರಿ ಅಂತ ನಂಗೊತ್ತು" ಎಂದು ನೀನು ರೈಲು ಹತ್ತಿದೆ.

ನೀನು ಆರನೇ ಕ್ಲಾಸಿನಲ್ಲಿದ್ದಾಗ ಕಲೆಕ್ಷನ್ ಬ್ಯಾಗಿನ ಲೆಕ್ಕ ತಪ್ಪಿದ ಆ ರಾತ್ರಿ ನಾನು ಏನಂದೆ, ಅಮ್ಮ ಏನಂದಳು, ಅದೆಲ್ಲ ಬರೆಯುವುದು ಬೇಡ. ನಿನಗೆ ಗೊತ್ತಿಲ್ಲದ್ದನ್ನು ಮಾತ್ರ ಬರೆಯುತ್ತೇನೆ. ಬ್ಯಾಗಿನಲ್ಲಿ 180 ರೂಪಾಯಿ ಕಮ್ಮಿ ಬಂದಿತ್ತಲ್ಲ, ಮರುದಿನ ಕೈಯಿಂದ ಹಾಕಿ ಕಟ್ಟಿದೆ. ಮೂರನೇ ದಿನ ಬಸ್‌ಸ್ಟ್ಯಾಂಡಿನ ಗೂಡಂಗಡಿಯವರು ಪಿಗ್ಮಿ ಕಾರ್ಡನ್ನು ಮುಖದ ಮುಂದೆ ಹಿಡಿದು, "ನಾನ್ ಕೊಟ್ಟದ್ದ್ 130, ನೀವ್ 310 ಬರ್ದಿರಿ, ಕಾಣಿ" ಎಂದರು. ಅವರು ಸುಮ್ಮನಿದ್ದಿದ್ದರೆ ಆ ದುಡ್ಡು ಅವರದೇ ಆಗುತ್ತಿತ್ತು. ಹೇಳಬೇಕೆಂದೇ ಅವತ್ತು ಬೇಗ ಮನೆಗೆ ಬಂದೆ. ನೀನು ಜಗಲಿಯಲ್ಲಿ ಮಗ್ಗಿ ಬರೆಯುತ್ತಿದ್ದೆ. ನಾಣ್ಯ ವಿಂಗಡಿಸಲು ಎಂದಿನ ಹಾಗೆ ಓಡಿ ಬರಲಿಲ್ಲ. ಆರನೇ ಕ್ಲಾಸಿನ ಹುಡುಗಿಗೆ ಅಪ್ಪ ಹೇಗೆ ಶುರುಮಾಡುವುದು? ನಾಳೆ ಹೇಳಿದರಾಯಿತು ಎಂದುಕೊಂಡು ಗೋಳಿಬಜೆ ಕಟ್ಟಿಸಿಕೊಂಡು ಬಂದೆ. ನೀನು ತಿಂದೆ. ತಿಂದಳಲ್ಲ, ಮುಗಿಯಿತು ಅಂತ ನನ್ನ ಲೆಕ್ಕ. ಆಮೇಲೆ ಏಳು ವರ್ಷ ನೀನು ಆ ಬ್ಯಾಗು ಮುಟ್ಟಲಿಲ್ಲ.

ಇರಲಿ. ಬಿಬಿಎ ಯಾಕೆ, ಬಿ.ಕಾಂ. ಸಾಲದೇ ಎಂದು ತಕರಾರು ಮಾಡಿದ್ದು ನಾನೇ, ಈಗ ಊರೆಲ್ಲ ಹೇಳಿಕೊಂಡು ತಿರುಗುವವನೂ ನಾನೇ. ಮೊದಲ ದಿನ ಕ್ಲಾಸಿನಲ್ಲಿ ಒಬ್ಬೊಬ್ಬರೂ ಅಪ್ಪನ ಬಿಸಿನೆಸ್ ಹೇಳುವಾಗ ನೀನು "ಪಿಗ್ಮಿ ಕಲೆಕ್ಟರ್" ಎಂದೆಯಂತೆ, ಹುಡುಗರು ಅರ್ಥವಾಗದೆ ನಕ್ಕರಂತೆ. ಅಮ್ಮ ಹೇಳಿದಳು. ಹಾಗೇ ಹೇಳಿದ್ದು ಒಳ್ಳೆಯದಾಯಿತು. ಇನ್ನೊಮ್ಮೆ ನಕ್ಕರೆ ಇದನ್ನೂ ಹೇಳು: 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೆ ಹೋಗಿ ಕೂಡಿಸಲು ಶುರುಮಾಡಿತು. ಎರಡಾಣೆಗೆ ಬಾಗಿಲು ತಟ್ಟುವುದೆಂದರೆ ಸಣ್ಣ ಮಾತಲ್ಲ. 2020ರ ಏಪ್ರಿಲ್ 1ಕ್ಕೆ ಆ ಬ್ಯಾಂಕಿನ ಹೆಸರು ಕೆನರಾದೊಳಗೆ ಕರಗಿತು. ಪಿಗ್ಮಿ ಎಂಬ ಮಾತು ಮಾತ್ರ ನಮ್ಮ ಪೇಟೆಯಲ್ಲಿ ಇನ್ನೂ ಓಡಾಡಿಕೊಂಡಿದೆ. ನಿಮ್ಮ ಮಾರ್ಕೆಟಿಂಗ್ ಪುಸ್ತಕದಲ್ಲಿ ಇದು ಇದೆಯಾ ನೋಡು.

ರೂಮಿನವರು ಮೊಬೈಲಿನಲ್ಲಿ ಷೇರುಪೇಟೆಯ ಆಪ್ಷನ್ ಟ್ರೇಡಿಂಗ್ ಮಾಡುತ್ತಾರೆ ಎಂದೆಯಲ್ಲ, ಅಂದಿನಿಂದ ನನಗೆ ನಿದ್ದೆಯಿಲ್ಲ. 2021–22ರಿಂದ ಮೂರು ವರ್ಷದ ಲೆಕ್ಕ ತೆಗೆದು ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿಯೇ ಹೇಳಿದೆ, ಫ್ಯೂಚರ್ಸ್–ಆಪ್ಷನ್ಸ್‌ಗೆ ಇಳಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು ಅಂತ. ಉಳಿದ ಏಳರಲ್ಲಿ ನಾನಿರುತ್ತೇನೆ ಎಂದೇ ಪ್ರತಿಯೊಬ್ಬನೂ ಎಣಿಸುವುದು. ಕ್ರೆಡಿಟ್ ಕಾರ್ಡು ಕೊಡುತ್ತೇವೆಂದು ಬಂದರೆ ಸಹಿ ಹಾಕಬೇಡ. ಸ್ನೇಹಿತೆಯ ಸಾಲಕ್ಕೆ ಜಾಮೀನು ಬೇಡ. ಫೀಸಿನ ರಸೀದಿಯ ಫೋಟೊ ತೆಗೆದಿಡು. ಬೆಳಿಗ್ಗೆ ತಿಂಡಿ ಬಿಡಬೇಡ. ಭಾಷಣ ಮಾಡುವುದಿಲ್ಲ ಎಂದುಕೊಂಡೇ ಕೂತಿದ್ದೆ.

ನಿನ್ನೆ ಕಪಾಟು ಒರೆಸುವಾಗ ನಿನ್ನ ಫಸ್ಟ್ ಪಿಯುಸಿಯ ಅಕೌಂಟೆನ್ಸಿ ಪುಸ್ತಕ ಸಿಕ್ಕಿತು. ಡೆಬಿಟ್–ಕ್ರೆಡಿಟ್ ತಾಳೆ ನೋಡುವ ಟ್ರಯಲ್ ಬ್ಯಾಲೆನ್ಸ್ ಹೊಂದದಿದ್ದರೆ ತಪ್ಪು ಸಿಗುವವರೆಗೆ ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕಿಡಬೇಕಂತೆ. ಆ ಪುಟದ ಅಂಚಿನಲ್ಲಿ ನಿನ್ನ ಪೆನ್ಸಿಲ್ ಬರಹ: "ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ಅದಲು ಬದಲಾಗಿರಬಹುದು." ಅದರ ಕೆಳಗೆ ಸಣ್ಣದಾಗಿ, 180 ÷ 9 = 20.

ಎರಡು ವರ್ಷದ ಹಿಂದೆಯೇ ನಿನಗೆ ಸಂಶಯ ಬಂದಿತ್ತು, ನೀನು ಕೇಳಲಿಲ್ಲ. ನಾನು ಮೂರನೇ ದಿನಕ್ಕೇ ತಿಳಿದವನು, ಹೇಳಲಿಲ್ಲ. ಹೌದು ಮಗಾ, ಅಂಕಿ ತಿರುಗಿತ್ತು. ತಿರುಗಿಸಿದ್ದು ನನ್ನ ಕೈ. ನೀನು ತೆಗೆದಿರಲಿಲ್ಲ. ಫೋನಿನಲ್ಲಿ ಇದನ್ನು ಹೇಳಲು ಎರಡು ಸಲ ನೋಡಿದೆ, ಆಗಲಿಲ್ಲ, ಊಟ ಆಯ್ತಾ ಎಂದು ಕೇಳಿ ಇಟ್ಟೆ.

ಕವರಿನಲ್ಲಿ ಇದ್ದದ್ದು 6,000. ಕಮ್ಮಿ ಇದ್ದರೆ ನಾನೇ ಹಾಕುವಾಗ ತಪ್ಪಿದ್ದು, ಹೇಳು. ಉಪ್ಪಿನಕಾಯಿಗೆ ಒದ್ದೆ ಚಮಚ ಹಾಕಬಾರದಂತೆ, ಅಮ್ಮ ಬರೆಯಲು ಹೇಳಿದಳು.

ನಿನ್ನ ಅಪ್ಪ