ಬರುವ ವರ್ಷದ ಶುಲ್ಕದ ಬಗ್ಗೆ ಪೋಷಕರಿಗೆ ಪತ್ರ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಬರುವ ಜೂನ್‌ನಿಂದ ಪ್ರಾಥಮಿಕ ತರಗತಿಗಳ ಬೋಧನಾ ಶುಲ್ಕ 25,000 ರೂಪಾಯಿಯಿಂದ 27,000ಕ್ಕೆ ಏರಲಿದೆ. ಹೀಗೆ ಏರಿಸಿದ ಹಣ ಶಿಕ್ಷಕರ ಸಂಬಳಕ್ಕೆ ಹೋಗುತ್ತದೆ. ಸಂಬಳ ಸಾಲದೆ ಗಣಿತದ ಮೇಷ್ಟ್ರು ನಡುವರ್ಷದಲ್ಲಿ ಬಿಟ್ಟು ಹೋದರೆ ನಷ್ಟ ಮಕ್ಕಳಿಗೇ. ಆದರೂ ಈ ಏರಿಕೆ ಎಷ್ಟೋ ಮನೆಗಳಿಗೆ ಹೊರೆ ಎಂದು ಗೊತ್ತಿದ್ದೇ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ತೀರ್ಥಹಳ್ಳಿ ಕಡೆ ಶುಲ್ಕ ಕಟ್ಟುವ ತಿಂಗಳೇ ದೊಡ್ಡ ತೊಡಕು. ಶಾಲೆ ಶುರುವಾಗುವ ಹೊತ್ತಿಗೇ ಅಡಿಕೆ ತೋಟಕ್ಕೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸಬೇಕು. ಮೈಲುತುತ್ತ, ಸುಣ್ಣ, ಮರ ಹತ್ತುವ ಕೊನೆಗಾರರ ಕೂಲಿ ಎಲ್ಲವೂ ಕೈಯಿಂದ ಹೋಗುವ ಕಾಲ ಅದು. ಅಡಿಕೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿ ದುಡ್ಡು ನೋಡುವಾಗ ಡಿಸೆಂಬರ್, ಜನವರಿ ಆಗಿರುತ್ತದೆ. ಹಿಂದಿನ ಮಳೆಗಾಲದಲ್ಲಿ ಕೊಳೆರೋಗ ಬಂದಿದ್ದರೆ, ಎಲೆಚುಕ್ಕಿ ರೋಗ ಹಿಡಿದಿದ್ದರೆ ಜೂನ್‌ಗೆ ಉಳಿಯುವುದು ಅಷ್ಟಕ್ಕಷ್ಟೇ. ಅದಕ್ಕೇ ತೋಟದ ಆದಾಯ ನಂಬಿದವರು ಜೂನ್‌ನಲ್ಲಿ 6,000, ಸೆಪ್ಟೆಂಬರ್‌ನಲ್ಲಿ 5,000, ಜನವರಿ ಕೊನೆಯೊಳಗೆ 16,000 ಕಟ್ಟಬಹುದು. ತಿಂಗಳ ಸಂಬಳದವರು, ದಿನಗೂಲಿಯವರು ಜೂನ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೆ 2,700 ಕಟ್ಟಲಿ. ಎರಡಕ್ಕೂ ಬಡ್ಡಿ ಇಲ್ಲ, ದಂಡ ಇಲ್ಲ. ಕಂತು ತಪ್ಪುವಂತಿದ್ದರೆ ಮೊದಲೇ ಒಂದು ಮಾತು ಹೇಳಿ. ಶುಲ್ಕದ ವಿಷಯವನ್ನು ತರಗತಿಯಲ್ಲಿ ಮಗುವಿನ ಹತ್ತಿರ ಯಾರೂ ಎತ್ತುವುದಿಲ್ಲ, ಅದು ನನ್ನ ಜವಾಬ್ದಾರಿ.

ಶುಲ್ಕಕ್ಕೆಂದು ಸಾಲ ಮಾಡುವ ಮುಂಚೆ ಈ ಲೆಕ್ಕ ನೋಡಿ. 27,000 ರೂಪಾಯಿಗೆ 'ವರ್ಷಕ್ಕೆ ಬರೀ ಶೇ. 12' ಎಂದು ಫ್ಲ್ಯಾಟ್ ಬಡ್ಡಿ ಹೇಳುತ್ತಾರೆ. ಹನ್ನೆರಡು ಕಂತಿನಲ್ಲಿ ತಿಂಗಳಿಗೆ 2,520 ಕಟ್ಟಿದರೆ ಬಡ್ಡಿಯೇ 3,240. ಏರಿದ ಶುಲ್ಕ 2,000, ಬಡ್ಡಿ ಅದಕ್ಕಿಂತ ಜಾಸ್ತಿ! ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರಾ 27,000ಕ್ಕೇ ಹಾಕುವುದರಿಂದ ನಿಜವಾದ ದರ ಶೇ. 21 ದಾಟುತ್ತದೆ. 'ಶೂನ್ಯ ಬಡ್ಡಿ' ಎನ್ನುವ ಮೊಬೈಲ್ ಆ್ಯಪ್‌ಗಳಲ್ಲಿ ಪ್ರೊಸೆಸಿಂಗ್ ಶುಲ್ಕ ಎಷ್ಟು, ಕಂತು ತಪ್ಪಿದರೆ ದಂಡ ಎಷ್ಟು ಎಂದು ಕೇಳದೆ ಒಪ್ಪಿಗೆ ಒತ್ತಬೇಡಿ. ಅದರ ಬದಲು ಜನವರಿಯಲ್ಲಿ ಮಂಡಿ ದುಡ್ಡು ಬಂದ ದಿನವೇ ಮುಂದಿನ ಜೂನ್ ಕಂತಿನಷ್ಟನ್ನು ಬೇರೆ ಖಾತೆಯಲ್ಲಿ ಇಟ್ಟುಬಿಡಿ. ಸಂಬಳದವರಿಗೆ ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ತಿಂಗಳು ತಿಂಗಳು ಕಟ್ಟುವ ಒಂದು ವರ್ಷದ ಆರ್‌ಡಿ (ಆವರ್ತ ಠೇವಣಿ) ಒಳ್ಳೆಯದು. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ವರ್ಷದ ಶುಲ್ಕಕ್ಕೆ ಹೊಂದುವುದಿಲ್ಲ.

ಶುಲ್ಕದ ಆಚೆ ಸೋರುವ ದುಡ್ಡೂ ಕಡಿಮೆಯೇನಲ್ಲ. ಜುಲೈನಲ್ಲಿ ಎರಡು ಜೊತೆ ಸಮವಸ್ತ್ರ ಒಣಗುವುದಿಲ್ಲವೆಂದು ಮೂರನೆಯದು ಹೊಲಿಸುತ್ತೀರಿ, ಚರ್ಮದ ಬೂಟು ಒಂದೇ ತಿಂಗಳಿಗೆ ಬೂಷ್ಟು ಹಿಡಿಯುತ್ತದೆ. ಈ ವರ್ಷ ಆಗಸ್ಟ್ ಮುಗಿಯುವವರೆಗೆ ಆಟದ ಟೀ ಶರ್ಟ್, ರಬ್ಬರ್ ಚಪ್ಪಲಿ ಹಾಕಿಕೊಂಡು ಬರಲಿ. ಬೂಟನ್ನು ಸೆಪ್ಟೆಂಬರ್‌ನಲ್ಲಿ ಕೊಂಡರೆ ಸಾಕು. ಚೂಡಿದಾರ, ಪ್ಯಾಂಟು ಹೊಲಿಸುವಾಗ ಒಳಗೆ ಮೂರು ಇಂಚು ಮಡಿಕೆ ಇಡಲು ಹೇಳಿ, ಮಗು ಬೆಳೆದಾಗ ಬಿಚ್ಚಿಕೊಳ್ಳಬಹುದು. ನೋಟ್‌ಬುಕ್ ಇಂಥಾ ಅಂಗಡಿಯಲ್ಲೇ ತರಬೇಕೆಂಬ ನಿಯಮ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಪೆನ್ಸಿಲ್, ರಬ್ಬರ್‌ಗೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ. ಅಕ್ಕ, ಅಣ್ಣನ ಹಳೆಯ ಪಠ್ಯಪುಸ್ತಕ ನಡೆಯುತ್ತದೆ. ಪಾಠ ಬದಲಾಗಿದೆಯೇ ಎಂದು ತರಗತಿ ಶಿಕ್ಷಕರಿಗೆ ತೋರಿಸಿದರೆ ಆಯಿತು.

ಆದಾಯ ತೆರಿಗೆ ಕಟ್ಟುವವರು ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಇಬ್ಬರು ಮಕ್ಕಳ ಬೋಧನಾ ಶುಲ್ಕವನ್ನು ತೆರಿಗೆ ಕಡಿತಕ್ಕಿರುವ 1.5 ಲಕ್ಷದ ಒಟ್ಟು ಮಿತಿಯೊಳಗೆ ತೋರಿಸಬಹುದು. ವ್ಯಾನ್ ಬಾಡಿಗೆ, ದೇಣಿಗೆ ಅದರಲ್ಲಿ ಬರುವುದಿಲ್ಲ. ಆದ್ದರಿಂದ ನಮ್ಮ ರಸೀದಿಯಲ್ಲಿ ಬೋಧನಾ ಶುಲ್ಕ ಬೇರೆಯೇ ಬರೆದಿರುತ್ತದೆ.

ವಿದ್ಯಾರ್ಥಿವೇತನಕ್ಕೆ ಅರ್ಹರಾದವರ ದುಡ್ಡು ಹೆಚ್ಚಾಗಿ ನಿಲ್ಲುವುದು ಸಣ್ಣ ಕಾರಣಕ್ಕೆ. ಶಾಲಾ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಇಲ್ಲವೇ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ಮೇ ತಿಂಗಳಲ್ಲೇ ತೆಗೆಸಿ, ಆ ಪತ್ರದ ಮೇಲೆ 'ಆರ್‌ಡಿ' ಎಂದು ಶುರುವಾಗುವ ಸಂಖ್ಯೆಯನ್ನು ಶಾಲಾ ಕಚೇರಿಯಲ್ಲಿ ಬರೆಸಿ.

ಇಷ್ಟಾದರೂ ಕೈಗೆಟುಕದಿದ್ದರೆ ಸರ್ಕಾರಿ ಶಾಲೆಗೆ ಸೇರಿಸುವುದರಲ್ಲಿ ಯಾವ ಕೀಳೂ ಇಲ್ಲ. ಐದನೇ ತರಗತಿಯವರು ಗಾಜನೂರಿನ ನವೋದಯಕ್ಕೆ, ಮೊರಾರ್ಜಿ ವಸತಿ ಶಾಲೆಗೆ ಪ್ರವೇಶ ಪರೀಕ್ಷೆ ಬರೆಯಲಿ, ತಯಾರಿಗೆ ನಮ್ಮ ಶಿಕ್ಷಕರೇ ನೆರವಾಗುತ್ತಾರೆ. ಬಾಕಿ ಇದೆ ಎಂದು ವರ್ಗಾವಣೆ ಪತ್ರವನ್ನು ಇಲ್ಲಿ ತಡೆಹಿಡಿಯುವುದಿಲ್ಲ. ಆ ಪತ್ರ ತಡವಾಯಿತೆಂಬ ಕಾರಣಕ್ಕೆ ಎಂಟನೇ ತರಗತಿವರೆಗಿನ ಮಗುವಿಗೆ ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ.

ಕಂತು ಬರೆಸಲು ಮೇ 20ರೊಳಗೆ ಬನ್ನಿ. ಮಗುವಿನ ಆಧಾರ್, ಹಳೆಯ ರಸೀದಿ ತಂದರೆ ಸಾಕು. ಅಪ್ಪ, ಅಮ್ಮ ಇಬ್ಬರಿಗೂ ಬಿಡುವಿಲ್ಲದಿದ್ದರೆ ಅಜ್ಜ, ಅಜ್ಜಿ ಬಂದರೂ ಸರಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ