ನಾವು ಬೇಡಿದ್ದು ಕತ್ತಲೆ, ಸ್ವಾಮಿ

ಮಾನ್ಯ ಶಾಸಕರಿಗೆ ನಮಸ್ಕಾರ.

ಅಳಿವೆ ಬಾಗಿಲ ಪುಟ್ಟ ನಡುಗಡ್ಡೆಯಲ್ಲಿ, ನಮ್ಮ ಮಾತಿನಲ್ಲಿ ಕುದ್ರುವಿನಲ್ಲಿ, ದಿನಸಿ ಅಂಗಡಿ ಇಟ್ಟುಕೊಂಡವನು ನಾನು. ಚುನಾವಣೆಯ ಹೊತ್ತಿಗೆ ತಾವು ನಮ್ಮ ಜಗಲಿಯಲ್ಲಿ ಕುಳಿತು ಬೊಂಡ ಕುಡಿದಿದ್ದಿರಿ, ನೆನಪಿರಲಿಕ್ಕಿಲ್ಲ. ಮೂರು ವರ್ಷಗಳಲ್ಲಿ ಇದು ಎಂಟನೆಯ ಪತ್ರ. ಹಿಂದಿನ ಏಳು ಲಕೋಟೆಯಲ್ಲಿ ಬಂದಿದ್ದವು. ಇದನ್ನು ಊರೆಲ್ಲ ಓದಲಿ.

ಕೇಳುವುದು ಒಂದೇ. ತೆಂಕು ತುದಿಯ ರೆಸಾರ್ಟ್ ನೀರಿನ ಕಡೆ ತಿರುಗಿಸಿಟ್ಟ ಫ್ಲಡ್‌ಲೈಟ್‌ಗಳು ರಾತ್ರಿ ಆರಬೇಕು.

ಮಳೆಗಾಲ ಕಳೆದ ಮೇಲೆ ಕೆಲವು ರಾತ್ರಿ ನಮ್ಮ ನೀರು ಹೊಳೆಯುತ್ತದೆ. ಬಲೆ ಎತ್ತಿದರೆ ಅದರ ಒಂದೊಂದು ಕಣ್ಣಿನಿಂದಲೂ ನೀಲಿ ಹನಿ ಉದುರುತ್ತದೆ. ನಾಕ್ಟಿಲುಕಾ ಎಂಬ ಸೂಕ್ಷ್ಮಜೀವಿ, ಕಲಕಿದರೆ ಮಿನುಗುತ್ತದೆ. 2020ರ ನವೆಂಬರಿನಲ್ಲಿ ಉಡುಪಿ, ಮಂಗಳೂರಿನ ಕಡಲತೀರಗಳಲ್ಲಿ ಇದನ್ನು ನೋಡಲು ಜನ ಮುಗಿಬಿದ್ದರು. ಆಮೇಲೆ ರೆಸಾರ್ಟಿನ ಫಲಕಕ್ಕೂ ‘ನೀಲಿ ಅಲೆ’ ಏರಿತು. ಕತ್ತಲಲ್ಲಷ್ಟೇ ಕಾಣುವುದನ್ನು ಫ್ಲಡ್‌ಲೈಟ್ ಹಾಕಿ ತೋರಿಸುವ ಜಾಣರಿಗೆ ಏನು ಹೇಳಲಿ? (ಕೊಳಚೆ ಸೇರಿದ ನೀರಿನಲ್ಲೂ ಈ ಜೀವಿ ಹೆಚ್ಚುತ್ತದೆ, ಹೊಳೆದದ್ದೆಲ್ಲ ಶುದ್ಧವಲ್ಲ. ರೆಸಾರ್ಟಿನ ಕೊಳವೆ ಎಲ್ಲಿ ಬಾಯಿ ಬಿಡುತ್ತದೆ ಎಂಬುದಕ್ಕೆ ಒಂಬತ್ತನೆಯ ಪತ್ರ ಬರೆಯುತ್ತೇನೆ.)

ಅಂಗಡಿಗೆ ಬಾಗಿಲು ಹಾಕಿ, ದೋಣಿ ದಾಟಿ, ಎರಡು ಬಸ್ ಹಿಡಿದು ಕಚೇರಿಗೆ ಎಷ್ಟು ಸಲ ಅಲೆದೆನೋ. ಸಾಹೇಬರು ಸದಾ ಮೀಟಿಂಗಿನಲ್ಲಿ. ಕೊನೆಗೆ ಉತ್ತರ ಬಂತು: ‘ಕುದ್ರುವಿನ ದೀಪದ ಸಮಸ್ಯೆ ಕುರಿತ ತಮ್ಮ ಮನವಿಯನ್ನು ಪರಿಶೀಲಿಸಿ ಒಂದು ಹೈಮಾಸ್ಟ್ ದೀಪ ಮಂಜೂರು ಮಾಡಲಾಗಿದೆ.’

ಮೂರು ಸಲ ಓದಿದೆ. ಹೆಂಡತಿ ನಕ್ಕಳು. ಜನವರಿಯಲ್ಲಿ ಕಂಬ ಬಂದೇಬಿಟ್ಟಿತು. ಸ್ವಿಚ್ ಒತ್ತಿದವರು ತಾವೇ. ಅರ್ಜಿದಾರನೆಂದು ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದಿರಿ. ತಮ್ಮ ಕಿವಿಯಲ್ಲಿ ‘ನಾನು ಕೇಳಿದ್ದು ಆರಿಸಲಿಕ್ಕೆ’ ಎಂದೆ. ತಾವು ಕ್ಯಾಮೆರಾ ನೋಡುತ್ತಿದ್ದಿರಿ.

ಮಾರ್ಚ್‌ನಲ್ಲಿ ಪಡು ಬದಿಯ ಮರಳಿನಲ್ಲಿ ಆಲಿವ್ ರಿಡ್ಲೆ ಕಡಲಾಮೆಯ ಗೂಡು ಒಡೆಯಿತು. ಮರಿಗಳು ಬೆಳಕಿದ್ದತ್ತ ನಡೆಯುತ್ತವೆ. ಕತ್ತಲ ರಾತ್ರಿಯಲ್ಲಿ ಕಡಲ ಕಡೆಯೇ ಬೆಳ್ಳಗೆ ಕಾಣುವುದರಿಂದ ಆ ಲೆಕ್ಕ ತಪ್ಪುತ್ತಿರಲಿಲ್ಲ. ಈ ಸಲ ತಮ್ಮ ಕಂಬದತ್ತ ನಡೆದವು. ಬೆಳಿಗ್ಗೆ ಕಂಬದ ಕಾಂಕ್ರೀಟ್ ಕಟ್ಟೆಯ ಸುತ್ತ ಕಾಗೆಗಳು ಬಿಟ್ಟದ್ದು ಒಂಬತ್ತು ಮರಿಗಳನ್ನು. ಮಗಳು ಊಟದ ಡಬ್ಬಿಯಲ್ಲಿ ಒದ್ದೆ ಮರಳು ಹಾಕಿ, ಅವನ್ನು ಅದರಲ್ಲಿಟ್ಟು ನೀರಂಚಿಗೆ ಒಯ್ದಳು. ಡಬ್ಬಿಯೊಳಗೆ ಅವು ರೆಕ್ಕೆಗಾಲು ಬಡಿಯುವ ಸದ್ದು ಒಣ ಎಲೆ ಸರಿದಂತಿತ್ತು.

ಕಡಲಾಮೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ರೆಸಾರ್ಟಿನವರು ನೋಟಕ್ಕೆ ಅಡ್ಡವೆಂದು ಕಡಿದ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದ ರಕ್ಷಣೆಯಲ್ಲಿದೆ. ತಮಗೆ ತಿಳಿಯದ್ದೇನಲ್ಲ. ಪೋರ್ಟೊರಿಕೋದ ವಿಯೆಕೆಸ್ ಎಂಬ ದ್ವೀಪದಲ್ಲಿ ಹೀಗೇ ಹೊಳೆಯುವ ಕೊಲ್ಲಿಯಿದೆ. ಅಲ್ಲಿ ನೀರಿಗಿಳಿದು ಈಜುವಂತೆಯೇ ಇಲ್ಲ. ನಮ್ಮಲ್ಲಿ ಧ್ವನಿವರ್ಧಕ ಕಟ್ಟಿಕೊಂಡ ದೋಣಿಗಳು ಮಧ್ಯರಾತ್ರಿಯವರೆಗೆ ಸುತ್ತುತ್ತವೆ.

ಫ್ಲಡ್‌ಲೈಟ್ ಆರಿಸಿಸಿ. ನವೆಂಬರಿನಿಂದ ಏಪ್ರಿಲ್‌ವರೆಗಾದರೂ ಹೈಮಾಸ್ಟ್ ಆರಿಸಿಸಿ. ಅದಕ್ಕೆ ಅನುದಾನ ಬೇಡ, ಟೆಂಡರ್ ಬೇಡ, ಶಂಕುಸ್ಥಾಪನೆಯೂ ಬೇಡ.

ಸ್ವಿಚ್ಚಿನ ಪೆಟ್ಟಿಗೆ ನನ್ನ ಅಂಗಡಿಯ ಪಕ್ಕದಲ್ಲೇ ಇದೆ, ಬೀಗ ಹಾಕಿದೆ. ಕೀಲಿಕೈ ತಮ್ಮ ಕಚೇರಿಯಲ್ಲಿದೆಯಂತೆ. ಶಾಲನ್ನು ಅಂಚೆಯಲ್ಲಿ ಹಿಂದಕ್ಕೆ ಕಳುಹಿಸಿದ್ದೇನೆ. ಕೀಲಿಕೈ ಕಳುಹಿಸಿಕೊಡಿ.

ಇಂತಿ,
ಕುದ್ರುವಿನ ಅಂಗಡಿಯವನು